ಕರಡಿಕುಂಟೆ ತಳವಾರನ ಹದಿನಾಲ್ಕು ಮಾರು

ಈಗ ಕರಡಿಕುಂಟೆ ಗಡಿ ಕಲ್ಲಿನ ಆಚೆ ವಿಜಯನಗರ ಜಿಲ್ಲಾ, ಈಚೆ ಬಳ್ಳಾರಿ ಜಿಲ್ಲಾ. ಹೊಸಪೇಟೆ ಜಿಲ್ಲಾ ಆದಾಗ ನಮ್ಮ ಓಣಿಯಾಗ ಪಟಾಕಿ ಹೊಡೆದ್ರು, ಕೈಯಾಗ ಪೇಡೆ ಇಟ್ರು. ಒಬ್ಬವ ನನ್ನ ತಡದು ನಿಲ್ಲಿಸಿ, "ನೀವು ಹದ್ದಿನ ಕೆಲಸ ಮಾಡಿದವ್ರು, ಹೊಸ ಜಿಲ್ಲಾದ ಗಡಿ ಎಲ್ಲಿಗೆ ಬರ್ತೈತಿ ಹೇಳ್ರಿ" ಅಂದ. "ನಿನ್ನ ತೆಲಿ ಮ್ಯಾಲ ಬರ್ತೈತಿ, ಹೋಗಲೇ" ಅಂತ ಬೈದು ಕಳಿಸಿದೆ. ಪಾಪ, ಅವಂದೇನು ತಪ್ಪು? ಹದ್ದು ಅನ್ನೋ ಮಾತು ಕಿವಿಗೆ ಬಿದ್ರ ಸಾಕು, ನನಗ ದುರುಗಣ್ಣ ನೆನಪಾಗ್ತಾನ. ಆಮ್ಯಾಲ ಆ ದಿನ ಊಟ ಸೇರಂಗಿಲ್ಲ.

ನಾನು ಕೊಟ್ರಬಸಪ್ಪ. ಸಂಡೂರು ತಾಲೂಕಿನ ಕರಡಿಕುಂಟೆಯಾಗ ಹನ್ನೊಂದು ವರ್ಷ ಗ್ರಾಮ ಲೆಕ್ಕಿಗ ಆಗಿದ್ದೆ. ಸರಕಾರ ಏನರ ಅನ್ನಲಿ, ಮಂದಿ ನನ್ನ ಶಾನುಭೋಗ್ರು ಅಂತಿದ್ರು. ದುರುಗಣ್ಣ ಆ ಊರಿನ ತಳವಾರ. ಅವರಪ್ಪನೂ ತಳವಾರ, ಅಜ್ಜನೂ ತಳವಾರ. ನೋಟೀಸು ಮುಟ್ಟಿಸೋದು, ಗ್ರಾಮಸಭೆ ಐತಿ ಅಂತ ಡಂಗುರ ಹೊಡೆಯೋದು, ತಹಶೀಲ್ದಾರ್ರು ಬಂದ್ರ ಹೊಲದಾಗ ಮುಂದ ಮುಂದ ನಡೆಯೋದು, ಊರ ಹದ್ದು ಕಾಯೋದು, ಎಲ್ಲಾ ಅವಂದ. ನಕ್ಷೆ ನನ್ನ ಹತ್ರ ಇತ್ತು. ಊರು ಮಾತ್ರ ಅವನ ಹತ್ರ ಇತ್ತು.

ಗುಡ್ಡದ ಬುಡದಿಂದ ಹಳ್ಳದ ತನಕ, ಹಳ್ಳದಿಂದ ಡಾಂಬರ್ ರಸ್ತೆ ತನಕ ನಮ್ಮ ಊರಿಗೆ ಮೂವತ್ತೆಂಟು ಬಾಂದುಕಲ್ಲು. ರಸ್ತೆ ಬಾಜೂಕ ಇದ್ದಿದ್ದು ಕಡೀ ಕಲ್ಲು. ಅದರ ಆಚೆ ಗೌರೀಪುರ, ಅದು ಹೊಸಪೇಟೆ ತಾಲೂಕು; ಬ್ಯಾರೆ ಹೋಬಳಿ, ಬ್ಯಾರೆ ಠಾಣೆ, ಬ್ಯಾರೆ ತಳವಾರ. ಮೂವತ್ತೆಂಟು ಕಲ್ಲಿನಾಗ ಯಾವುದರ ಬುಡಕ ಹುತ್ತ ಐತಿ, ಯಾವುದು ಯಾರ ಅಜ್ಜನ ಕಾಲಕ್ಕ ವಾಲಿತು, ದುರುಗಣ್ಣಗ ಬಾಯಿಪಾಠ ಇತ್ತು. ನಿಂತ ಜಾಗದಿಂದ ಕಲ್ಲು ಎಷ್ಟು ಮಾರು ದೂರ ಅಂತ ಕೇಳಿದ್ರ ಒಂದ್ಸಲ ಕಣ್ಣು ಸಣ್ಣ ಮಾಡಿ ಹೇಳ್ತಿದ್ದ. ನಾನು ಸರಪಳಿ ಹಿಡಿದು ಅಳೆದ್ರ ಅಷ್ಟ ಇರ್ತಿತ್ತು. ಭಾಳ ಸಿಟ್ಟು ಬರ್ತಿತ್ತು ನನಗ.

ಅದಿರಿಗೆ ಬಂಗಾರದ ರೇಟು ಬಂದ ವರ್ಷಗಳು ಅವು. ಯಶವಂತನಗರದ ಕಡೆಯಿಂದ ಲಾರಿ ಮ್ಯಾಲ ಲಾರಿ, ಹಗಲಿಲ್ಲ ರಾತ್ರಿಯಿಲ್ಲ. ಕೆಂಪು ಧೂಳು ಜ್ವಾಳದ ತೆನಿ ಮ್ಯಾಲ, ಬಾಣಂತಿ ಹಾಸಿಗಿ ಮ್ಯಾಲ, ಚಾವಡಿಯಾಗ ನನ್ನ ಪಹಣಿ ಪುಸ್ತಕದ ಮ್ಯಾಲ. ಬಾಂದುಕಲ್ಲು ಒಂದೊಂದ ಮಣ್ಣಾಗ ಹೂತುಹೋದ್ವು, ಕೆಲವನ್ನ ಜೇಸಿಬಿ ಎತ್ತಿ ಒಗೀತು. ಒಂದು ಮೈನ್ಸಿನ ಸಾಹೇಬ ಬಂದು, ಹಳ್ಳದ ಕಲ್ಲು ಮೊದಲು ಎಲ್ಲಿತ್ತು ಅಂತ ಸರ್ವೇದವರು ಕೇಳಿದ್ರ ನಲವತ್ತು ಮಾರು ಆ ಕಡೆ ತೋರಿಸು ಅಂತ ದುರುಗಣ್ಣಗ ಹೇಳಿದ್ನಂತ. "ಕಲ್ಲು ಕೀಳೋದಾದ್ರ ಕೀಳ್ರಿ ಸಾಹೇಬ್ರ, ನನ್ನ ಕೈ ಮಾತ್ರ ಅಲ್ಲಿಗೆ ತೋರಸಂಗಿಲ್ಲ" ಅಂದು ಬಂದಿದ್ದ. ನನ್ನ ಮುಂದ ಹೇಳುವಾಗ ನಗಾಕತ್ತಿದ್ದ. ನಾನೂ ನಕ್ಕೆ, "ನಿನಗ ಬದುಕೋಕ ಬರಂಗಿಲ್ಲ ಬಿಡು" ಅಂದೆ.

ಲಾರಿ ಅಂದ ಮ್ಯಾಲ ಹೆಣಾನೂ ಇರ್ತಾವಲ್ರಿ. ಈ ತಳವಾರಿಕೆಯಾಗ ಒಂದು ಹಳೇ ಕಟ್ಟಳೆ ಐತಿ. ಊರ ಹದ್ದಿನಾಗ ಗುರ್ತಿಲ್ಲದ ಹೆಣ ಬಿದ್ರ ಪೋಲೀಸ್ರು ಬಂದು ಪಂಚನಾಮೆ ಆಗೋ ತನಕ ಆ ಊರ ತಳವಾರ ಅದನ್ನ ಕಾಯಬೇಕು. ನಾಯಿ ಮುಟ್ಟಬಾರದು, ಕಾಗಿ ಕುಂದರಬಾರದು. ಆಮ್ಯಾಲ ಅದರ ಸಂಗ್ತೀಲೆ ದವಾಖಾನಿಗೂ ಹೋಗಬೇಕು. ಹಿಂದ ವರ್ಷಕ್ಕೊಂದು ಎರಡು ಇರ್ತಿದ್ವು. ಆ ವರ್ಷಗಳಾಗ ತಿಂಗಳಿಗೆ ಮೂರು ನಾಕು. ಹಂಗಾಗಿ ರಸ್ತೆ ಬಾಜೂಕಿನ ಊರಿನ ತಳವಾರ್ರು ಒಂದು ಹಾದಿ ಹುಡುಕಿದ್ರು. ಹೆಣ ಹದ್ದಿನ ಹತ್ರ ಇತ್ತಂದ್ರ, ಯಾರೂ ನೋಡೋದ್ರೊಳಗ, ಕಲ್ಲಿನ ಆಚೆ ಎಳೆದು ಬರೋದು. ಆಚೆ ಊರವ ಕಾಯಲಿ, ಆಚೆ ಠಾಣೆಯವ್ರು ಬರಲಿ. ಇದು ಎಲ್ಲಾರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡ್ತಿರಲಿಲ್ಲ.

ದುರುಗಣ್ಣ ಒಂದನ್ನೂ ಎಳೆದಿರಲಿಲ್ಲ. ಎಷ್ಟೋ ಸಲ ಗೌರೀಪುರದ ಕಡೆಯಿಂದ ಎಳೆದು ತಂದ ಗುರ್ತು ಮಣ್ಣಿನ ಮ್ಯಾಲ ಕಾಣ್ತಿತ್ತು. ಅದಕ್ಕೂ ಕುಂತು ಕಾದಾನ. "ಬಂದ ಮ್ಯಾಲ ನಮ್ಮದ ಆತಲ್ರಿ" ಅಂತಿದ್ದ. ಹೆಗಲ ಮ್ಯಾಲಿನ ಶಲ್ಯ ತೆಗೆದು ಮುಖಕ್ಕ ಮುಚ್ಚತಿದ್ದ, ಬಾಜೂಕ ಕುಂತು ಬೀಡಿ ಸೇದ್ತಿದ್ದ. ಪಂಚನಾಮೆ ಆದ ಮ್ಯಾಲ ಶಲ್ಯ ವಾಪಸ್ ತಗಂತಿರಲಿಲ್ಲ.

ಅವನ ಹೆಂಡ್ತಿ ಪಕೀರಮ್ಮ ಕಾಮಾಲಿಯಾಗಿ ಎಂದೋ ಹೋಗಿದ್ಲು. ಇದ್ದಾಕಿ ಒಬ್ಬಾಕಿ ಮಗಳು, ಪಂಪಾವತಿ. ಆ ಹುಡುಗಿಗೆ ಜಡಿ ಹಾಕೋದನ್ನ ಕಲಿತು ಬೆಳೆಸಿದ್ದ ಗಂಡಸು ಅವ. ಎರಡು ಸಾವಿರದ ಆರು, ವೈಶಾಖದಾಗ ಆಕಿ ಮದುವಿ ಇಟ್ಟ. ಕಂಪ್ಲಿ ಕಡೆಯ ಹುಡುಗ. ಬೆಳಿಗ್ಗೆ ಒಂಬತ್ತೂವರಿಗೆ ಧಾರಿ. ತಾಯಿಲ್ಲದ ಹುಡುಗಿ, ಅಪ್ಪನ ಕೈಯಿಂದಲೇ ಆಗಬೇಕು. ಚಾವಡಿಗೆ ಬಂದು, "ಶಾನುಭೋಗ್ರ, ನೀವು ಮುಂದ ನಿಂತು ಮಾಡಬೇಕ್ರಿ" ಅಂತ ಅಡಿಕಿ ಎಲಿ ಕೊಟ್ಟಿದ್ದ.

ಅವತ್ತು ಏಳು ಗಂಟಿಗೆ ಹೊಸ ಅಂಗಿ ಹಾಕ್ಕೊಂಡು ಹೊಸಪೇಟೆಯಿಂದ ಗಾಡಿ ಮ್ಯಾಲ ಹೊಂಟಿದ್ದೆ. ಕಡೀ ಕಲ್ಲು ದಾಟಿ ನಮ್ಮ ಹದ್ದಿಗೆ ಬಂದೆ, ನೋಡ್ತೀನಿ, ರಸ್ತೆ ಬಾಜೂಕ ದುರುಗಣ್ಣ ನಿಂತಾನ. ಬಿಳೇ ಧೋತ್ರ, ಹೊಸಾ ಶಲ್ಯ, ಅಂಗೈ ತುಂಬ ಅರಿಷಿಣ. ಅವನ ಕಾಲ ಹತ್ರ ಒಬ್ಬ ಮನುಷ್ಯ ಬಿದ್ದಾನ. ಜೀವ ಹೋಗಿ ತಾಸು ಎರಡು ತಾಸು ಆಗಿರಬೇಕು. ವಯಸ್ಸು ಇಪ್ಪತ್ನಾಕು ಇಪ್ಪತ್ತೈದು. ಚೌಕಡಿ ಅಂಗಿ, ಎಡ ಹೆಗಲಿಗೆ ಹಸಿರು ಬಟ್ಟಿದು ತ್ಯಾಪಿ.

"ಹಾಲು ತರಾಕ ಹೋದವ್ರು ಬಂದು ಹೇಳಿದ್ರು. ಠಾಣೆಗೆ ಫೋನ್ ಮಾಡಿಸೀನ್ರಿ" ಅಂದ. "ಅವ್ರು ಬ್ಯಾರೆ ಕಡೆ ಹೋಗ್ಯಾರಂತ, ಹನ್ನೊಂದು ಆಗ್ತೈತಂತ."

"ಒಂಬತ್ತೂವರಿಗೆ ಧಾರಿ ಅಲ್ಲೇನೋ?"

"ಹೌದ್ರಿ."

"ಮತ್ತ?"

ಕಣ್ಣಾಗ ನೀರು ತಂದಿದ್ದ. ನಾನು ಕಲ್ಲಿನ ಕಡೆ ನೋಡಿದೆ. "ಎಷ್ಟು ಮಾರು ಐತಿ?" ಅಂದೆ.

ಅವ ತಿರುಗಿ ನೋಡಲೂ ಇಲ್ಲ. "ಹದಿನಾಲ್ಕು ಮಾರು ಶಾನುಭೋಗ್ರ. ಬ್ಯಾಡ್ರಿ" ಅಂದ.

"ಏನು ಬ್ಯಾಡ? ಮಗಳು ಹಸಿಮಣಿ ಮ್ಯಾಲ ಅಪ್ಪನ ಹಾದಿ ನೋಡ್ಕಂತ ಕುಂದರಬೇಕಾ? ಅವ್ರು ನಿನ್ನ ಕಡೆ ಎಷ್ಟು ಸಲ ಎಳೆದು ಹಾಕ್ಯಾರ, ಒಂದ್ಸಲ ನೀನು ಹಾಕಿದ್ರ ಭೂಮಿ ಬಾಯಿ ಬಿಡ್ತೈತೇನು? ಸತ್ತವಗ ಸಂಡೂರಾದ್ರೇನು, ಹೊಸಪೇಟೆ ಆದ್ರೇನು?" ಅಂತ ಗದರಿಸಿದೆ. ನನ್ನ ಬಾಯಿಗೆ ಹುಳ ಬೀಳಲಿ. "ನೀನು ಹೆಗಲು ಹಿಡಿ" ಅಂತ ನಾನ ಕಾಲು ಹಿಡಿದೆ.

ಒಂದು ಮಾತು ಹೇಳ್ತೀನಿ, ನಂಬೋದು ಬಿಡೋದು ನಿಮಗ ಬಿಟ್ಟಿದ್ದು. ಅಲ್ಲಿ ನಾನ ಕುಂದರಬಹುದಿತ್ತು. ಮದುವಿ ಮುಗಿಸಿಕೊಂಡು ಬಾರಪ್ಪಾ, ಅಲ್ಲಿ ತನಕ ನಾನು ಕಾಯ್ತೀನಿ ಅಂದಿದ್ರ ಆಗ್ತಿತ್ತು. ಅದು ನನಗ ಹೊಳಿಲೇ ಇಲ್ಲ. ಅವಗೂ ಹೊಳಿಲಿಲ್ಲ. ಹೆಣ ಕಾಯೋದು ತಳವಾರ, ಶಾನುಭೋಗ ಎಲ್ಲಾದ್ರೂ ಹೆಣ ಕಾಯ್ತಾನೇನು? ಹೆಣದ ಕಾಲು ಹಿಡಿದು ಹೊರೋಕ ನನಗ ನಾಚಿಕಿ ಆಗಲಿಲ್ಲ, ಕುಂತು ಕಾಯೋದು ಮಾತ್ರ ತೆಲಿಗೇ ಬರಲಿಲ್ಲ. ಇಪ್ಪತ್ತು ವರ್ಷದಿಂದ ಇದನ್ನ ನೆನೆಸಿಕೊಂಡು ನನ್ನ ನಾನ ಉಗುಳ್ಕಂತೀನಿ.

ಕಲ್ಲಿನ ಆಚೆ ಮಲಗಿಸಿ ದುರುಗಣ್ಣ ಹೊಸಾ ಶಲ್ಯ ತೆಗೆದು ಮುಖಕ್ಕ ಮುಚ್ಚಿದ. ನಾನು ಬೈದೆ, ಕೇಳಲಿಲ್ಲ. ಕುಡಿದು ಬಿದ್ದವ ಎದ್ದು ಹೋದ ಅಂತ ನಮ್ಮ ಠಾಣೆಗೆ ನಾನ ಫೋನ್ ಮಾಡಿ ಹೇಳಿದೆ. ದುರುಗಣ್ಣ ಮನಿಗೆ ಹೋಗಿ ಮೈಮ್ಯಾಲ ನೀರು ಹೊಯ್ಕೊಂಡ, ಧಾರಿ ಎರೆದ. ಅರ್ಧ ನೀರು ಹೊರಗ ಚೆಲ್ಲಿದ. ಮಗಳನ್ನ ಕೊಡೋ ಸಂಕಟ ಅಂತ ಮಂದಿ ತಿಳಕೊಂಡ್ರು.

ಆಚೆ ಠಾಣೆಯವ್ರು ಬಂದು ಹೆಣ ಹೊಸಪೇಟೆಗೆ ಒಯ್ದ್ರು. ಮೂರು ದಿನ ಇಟ್ರು, ಆ ಕಡೆ ಊರುಗಳಾಗ ವಿಚಾರ ಮಾಡಿದ್ರು, ಯಾರೂ ಬರಲಿಲ್ಲ. ಮುನಸಿಪಾಲ್ಟಿಯವ್ರು ಮಣ್ಣು ಮಾಡಿದ್ರು. ಇದನ್ನ ಗೌರೀಪುರದ ತಳವಾರನ ಹತ್ರ ದುರುಗಣ್ಣ ಕೇಳ್ಕೊಂಡು ಬಂದು ನನಗ ಹೇಳಿದ. "ಆತು, ಮುಗೀತು, ಇನ್ನ ಮರೆತುಬಿಡು" ಅಂದೆ.

ಹತ್ತನೇ ದಿನಕ್ಕ ಚಾವಡಿಗೆ ಒಬ್ಬ ಹೆಣ್ಮಗಳು ಬಂದ್ಲು. ಚೋರನೂರಿನಾಕಿ, ಹೆಸರು ಜಂಬವ್ವ. ನಲವತ್ತರ ಆಜೂಬಾಜು, ಕೂಲಿ ಮಾಡಿ ಮಾಡಿ ಒಣಗಿದ ಮೈ. ಆಕಿ ತಮ್ಮ ಹಂಪೇಶ ಯಶವಂತನಗರದಾಗ ಅದಿರು ತುಂಬೋ ಕೆಲಸಕ್ಕಿದ್ದನಂತ. ಅಪ್ಪ ಅವ್ವ ಹೋದಾಗ ಅವಗ ಎರಡು ವರ್ಷ, ಈಕಿನೇ ಸಾಕಿದಾಕಿ. ಕರಡಿಕುಂಟೆ ಹತ್ರ ಅದಿರು ಗುಡ್ಡಿ ಹಾಕೋ ಹೊಸಾ ಪ್ಲಾಟಿನಾಗ ಕೆಲಸ ಐತಿ, ಕೇಳ್ಕೊಂಡು ಬರ್ತೀನಿ ಅಂತ ನಸಿಕಿನಾಗ ಲಾರಿ ಹತ್ತಿದ್ದ. ಡ್ರೈವರ್ ಅವನ್ನ ಕರಡಿಕುಂಟೆ ಕ್ರಾಸಿನಾಗ ಇಳಿಸಿದ್ದು ನಿಜ. ಆಮ್ಯಾಲ ಪತ್ತೆ ಇಲ್ಲ.

"ಈ ಕಡೆ ಠಾಣೆಗೆ ಮೂರು ಸಲ ಹೋದ್ನಿ. ಕರಡಿಕುಂಟೆ ಹದ್ದಿನಾಗ ಆ ದಿನ ಏನೂ ಆಗಿಲ್ಲ ಅಂದ್ರು. ಸಂಡೂರು ದವಾಖಾನ್ಯಾಗ ನಾಕು ದಿನ ಕುಂತಿದ್ನಿ. ಯಣ್ಣಾ, ನೀವು ನೋಡೀರೇನು? ಚೌಕಡಿ ಅಂಗಿ, ಎಡ ಹೆಗಲಿಗೆ ನಾನ ತ್ಯಾಪಿ ಹಚ್ಚೀನಿ. ನನ್ನ ಕುಬುಸದ ಅರಿಬಿ, ಹಸಿರದು."

ದುರುಗಣ್ಣ ಬಾಗಲದಾಗ ನಿಂತಿದ್ದ. ನಾನು ಅವನ ಮುಖ ನೋಡಲಿಲ್ಲ. "ನಮ್ಮ ಹದ್ದಿನಾಗ ಯಾವುದೂ ಬಿದ್ದಿಲ್ಲವ್ವಾ" ಅಂದೆ. ನನ್ನ ದನಿ ಎಷ್ಟು ಗಟ್ಟಿ ಇತ್ತಂದ್ರ ನನಗ ಹೇಸಿಗಿ ಬಂತು.

ಅರ್ಥ ಆತಲ್ರಿ? ಹದಿನಾಲ್ಕು ಮಾರು. ನಾವು ಮುಟ್ಟದ ಬಿಟ್ಟಿದ್ರ ಆ ಹುಡುಗ ಈ ಕಡೆ ದವಾಖಾನಿಗೆ ಬರ್ತಿದ್ದ. ಅವನ ಅಕ್ಕ ಅಲ್ಲೇ ಬಾಗಲದಾಗ ಕುಂತಿದ್ಲು.

ಆಕಿ ಪ್ರತಿ ಸೋಮವಾರ ಬರಾಕ ಹತ್ತಿದ್ಲು. ಚಾವಡಿ ಕಟ್ಟಿ ಮ್ಯಾಲ ಕುಂದರ್ತಿದ್ಲು. ಬೈಲಿಲ್ಲ, ಕೂಗಾಡಲಿಲ್ಲ. ಒಂದ ಮಾತು: "ಸತ್ತಾನಂದ್ರ ಅಳ್ತೀನಿ, ಅದಾನಂದ್ರ ಕಾಯ್ತೀನಿ. ಯಾವುದು ಮಾಡ್ಲಿ ಅಂತ ಒಬ್ಬರರ ಹೇಳ್ರಿ." ಮಧ್ಯಾಹ್ನದ ಬಸ್ಸಿಗೆ ಎದ್ದು ಹೋಗ್ತಿದ್ಲು.

ಮೂರು ತಿಂಗಳು ದುರುಗಣ್ಣ ಸುಟ್ಟು ಸಣ್ಣಾದ. ಮಗಳು ಆಷಾಢಕ್ಕ ತವರಿಗೆ ಬಂದ್ರ ಆಕಿ ಕೈಯಾಗಿನ ಬಳಿ ನೋಡಿ ಎದ್ದು ಹೊರಗ ಹೋದನಂತ. ನನ್ನ ಹತ್ರ ಬಂದು, "ಹೇಳಿಬಿಡ್ತೀನ್ರಿ" ಅಂದ. ಹೆಣ ಸರಿಸಿದ್ದಕ್ಕ ಕೇಸು ಆಗ್ತೈತಿ, ನಿನ್ನ ಕೆಲಸ ಹೋಗ್ತೈತಿ, ಹೆಣ ಹೊತ್ತ ಕೈಲೆ ಧಾರಿ ಎರೆದಾನ ಅಂತ ಬೀಗರು ಮಗಳನ್ನ ವಾಪಸ್ ಕಳಿಸ್ತಾರ ಅಂದೆ. ಅವನ ಮಗಳ ಮಾತು ಎತ್ತಿದ್ದು ನನ್ನ ಕೆಲಸ ಉಳಿಸಿಕೊಳ್ಳಾಕ. ಅವಗ ತಿಳೀತು. ಎದ್ದು ಹೋದ.

ಶ್ರಾವಣದ ಒಂದು ಸೋಮವಾರ ಕಟ್ಟಿ ಖಾಲಿ ಇತ್ತು. ದುರುಗಣ್ಣನೂ ಇರಲಿಲ್ಲ. ಚಾದಂಗಡಿಯವ, "ಆ ಹೆಣ್ಮಗಳನ್ನ ಕರಕೊಂಡು ಹೊಸಪೇಟೆ ಬಸ್ ಹತ್ತಿದ್ನಲ್ರಿ" ಅಂದ. ಗಾಡಿ ಹೊಡಕೊಂಡು ಹಿಂದಿಂದ ಹೋದೆ. ತಡೆಯಾಕ ಹೋಗಿದ್ದೆ, ಇದ್ದದ್ದು ಇದ್ದಂಗ ಹೇಳ್ತೀನಿ.

ಮುನಸಿಪಾಲ್ಟಿ ಸುಡುಗಾಡಿನ ಗೇಟಿನಾಗ ಜಂಬವ್ವ ಕುಂತಿದ್ಲು. ಅಳತಿರಲಿಲ್ಲ, ಬರೇ ಕುಂತಿದ್ಲು. ಬಸ್ಸಿನಾಗ ಎಲ್ಲಾ ಹೇಳಿಬಿಟ್ಟಿದ್ದ ಅವ, ನನ್ನ ಹೆಸರು ಒಂದು ಬಿಟ್ಟು. ಆಮ್ಯಾಲ ಗೊತ್ತಾತು ನನಗ, ಆಕಿ ಏನು ಕೇಳಿದ್ಲು ಅಂತ. "ನಿನ್ನ ಮಗಳ ಧಾರಿ ಹೊತ್ತಿಗೆ ಸರಿಯಾಗಿ ಆತೇನಣ್ಣಾ?" ಅಂದ್ಲಂತ. ಆತವ್ವಾ ಅಂದ. "ನನ್ನ ತಮ್ಮಗೂ ಹೆಣ್ಣು ನೋಡಿದ್ದೆ" ಅಂದ್ಲಂತ. ಅಷ್ಟ.

ಒಳಗ ದುರುಗಣ್ಣ ಗುಂಡಿ ತೋಡೋ ಆಳಿನ ಮುಂದ ನಿಂತಿದ್ದ. ನಾನು ಹತ್ರ ಹೋದೆ. ಆ ಆಳು ಕೈ ಬೀಸಿ ಒಂದು ಸಾಲು ತೋರಿಸಿದ. ಐದು ದಿಬ್ಬ ಇದ್ವು, ಮಳಿಗೆ ಅರ್ಧ ಕುಸಿದಿದ್ವು. "ವೈಶಾಖದಾಗ ಬಂದಿದ್ದ ಅನಾಥ ಹೆಣ ಇವು ಐದು. ಯಾವುದು ಯಾರ್ದು ಅಂದ್ರ ಹೆಂಗ ಹೇಳಲಿ? ಅಗೆದು ನೋಡಾಕ ಬರ್ತೈತೇನ್ರಿ?" ಅಂದ. ದುರುಗಣ್ಣ ಅವನ ಕಾಲು ಹಿಡಿಯೋದೊಂದು ಬಾಕಿ. ನೆನಪು ಮಾಡ್ಕೊಳ್ರಿ, ಮುಖಕ್ಕ ಶಲ್ಯ ಇತ್ತು, ಕೆಂಪು ಅಂಚು ಅಂದ. ಆ ಆಳು ತೆಲಿ ಅಲ್ಲಾಡಿಸಿ ಹೋದ.

ದುರುಗಣ್ಣ ಗೇಟಿನ ಕಡೆ ನೋಡಿದ. ಆಮ್ಯಾಲ ಕಂಪೌಂಡಿನ ಮೂಲಿಗೆ ಹೋಗಿ, ಸರ್ವೇದವರ ಮುಂದ ಹೆಂಗ ನಡೀತಿದ್ನೋ ಹಂಗ, ಅಳತಿ ಹೆಜ್ಜಿ ಇಟ್ಕಂತ ಬಂದ. ಒಂದು, ಎರಡು, ಮೂರು. ನಾಕನೇ ದಿಬ್ಬದ ಹತ್ರ ನಿಂತು ಕೈ ಚಾಚಿದ. "ಇಲ್ಲೇ ಯವ್ವಾ. ಬಾ" ಅಂತ ಕೂಗಿದ.

ಆಕಿ ಎದ್ದು ಬಂದ್ಲು. ಆ ಮಣ್ಣಿನ ಮ್ಯಾಲ ಬಿದ್ದು ಅತ್ಲು ನೋಡ್ರಿ, ಮೂರು ತಿಂಗಳ ಅಳು. ನಾನು ಅಲ್ಲಿ ನಿಲ್ಲಲಾರದ ಗೇಟಿನ ಹೊರಗ ಹೋಗಿ ಗ್ವಾಡಿ ಹಿಡ್ಕೊಂಡು ನಿಂತೆ.

ಆಮ್ಯಾಲ ನಾಕು ವರ್ಷ, ಅಮಾಸಿ ಅಮಾಸಿಗೆ ಇಬ್ಬರೂ ಹೊಸಪೇಟೆಗೆ ಹೋಗ್ತಿದ್ರು. ಆಕಿ ಎಡಿ ಮಾಡಿಕೊಂಡು ಬರ್ತಿದ್ಲು, ಅವ ದಿಬ್ಬಕ್ಕ ಮಣ್ಣು ಏರಿಸ್ತಿದ್ದ. ಆಕಿ ಎಲ್ಲೂ ದೂರು ಕೊಡಲಿಲ್ಲ. ನನ್ನ ಕೆಲಸ ಉಳೀತು, ಬಡ್ತೀನೂ ಬಂತು. ಬೆಂಕಿ ಹಾಕ್ರಿ ಅದಕ್ಕ.

ಎರಡು ಸಾವಿರದ ಹತ್ತರಾಗ ದುರುಗಣ್ಣ ಹಾಸಿಗಿ ಹಿಡಿದ. ಅದಿರು ಧೂಳು ಅವನ ಎದಿ ತುಂಬಿತ್ತು. ನೋಡಾಕ ಹೋದೆ. ಪಂಪಾವತಿ ಅಂಬಲಿ ಕುಡಿಸಾಕತ್ತಿದ್ಲು. ಮಗಳನ್ನ ನೀರಿಗೆ ಕಳಿಸಿ ನನ್ನ ಕೈ ಹಿಡಿದ.

"ಶಾನುಭೋಗ್ರ, ಜೀವಮಾನದಾಗ ಒಂದ ಸುಳ್ಳು ಜಾಗ ತೋರಿಸೀನಿ."

"ಗೊತ್ತೈತೋ. ನಾನು ಅಲ್ಲೇ ಇದ್ನಲ್ಲ."

"ಆಕಿಗೆ ಹೇಳಬ್ಯಾಡ್ರಿ. ನಾನು ಹೋದ ಮ್ಯಾಲ ಆಕಿ ಒಬ್ಬಾಕಿ ಹೋಗಬಾರದು. ಬಸ್ಸಿನಾಗ ಅಷ್ಟು ದೂರ... ನೀವು ಗೇಟಿನ ತನಕ ಆದ್ರೂ ಹೋಗ್ರಿ."

ಮೂರನೇ ದಿನಕ್ಕ ಹೋಗಿಬಿಟ್ಟ. ಅವನ್ನ ಮಣ್ಣಿಗೆ ಇಡೋ ತನಕ ನಾನು ಅವನ ಬಾಜೂಕ ಕುಂತಿದ್ದೆ. ನೊಣ ಹೊಡದೆ. ಯಾರರ ಎದ್ದೇಳ್ರಿ ಶಾನುಭೋಗ್ರ ಅಂದ್ರ ಅವರ ಮ್ಯಾಲ ಹರಿಹಾಯ್ದೆ. ಅವ ಎಷ್ಟು ಮಂದಿಗೆ ಹಂಗ ಕುಂತಿದ್ದ, ನಾನು ಅವನೊಬ್ಬಗ ಕುಂತೆ. ಅದರಿಂದ ಏನೂ ಸರಿ ಹೋಗಲಿಲ್ಲ.

ಮುಂದಿನ ಅಮಾಸಿಗೆ ನಾನು ಹೊಸಪೇಟೆ ಬಸ್‌ಸ್ಟ್ಯಾಂಡಿನಾಗ ಕಾದು ನಿಂತಿದ್ದೆ. ಜಂಬವ್ವ ಇಳಿದ್ಲು. ನನ್ನ ನೋಡಿ ಕೈಯಾಗಿನ ಬುಟ್ಟಿ ಕೊಟ್ಲು. ಬುಟ್ಟಿ ಭಾರ ಇತ್ತು. ಗೇಟಿನ ತನಕ ಅಂತ ಹೇಳಿದ್ದ ಅವ, ನಾನು ಒಳಗೂ ಹೋದೆ. ನಾಕನೇ ದಿಬ್ಬದ ಮುಂದ ಬುಟ್ಟಿ ಇಟ್ಟೆ.

ಆಕಿ ಅಲ್ಲಿ ನಿಲ್ಲಲಿಲ್ಲ. ಬುಟ್ಟಿ ಎತ್ಕೊಂಡು ಸಾಲಿನ ತುದಿಗೆ ಹೋದ್ಲು. ಮೊದಲನೇ ದಿಬ್ಬಕ್ಕ ಎಲಿ ಹಾಸಿ ಹೋಳಿಗಿ, ಅನ್ನ, ಹಾಲು ಇಟ್ಲು. ಎರಡನೇದಕ್ಕೂ ಇಟ್ಲು. ಮೂರನೇದಕ್ಕೂ.

"ಜಂಬವ್ವಾ, ಇದಲ್ಲೇನವ್ವಾ? ಇದು, ನಾಕನೇದು" ಅಂದೆ.

"ಆ ಆಳು ಕೈ ಬೀಸಿದ್ದು ಗೇಟಿನಾಗಿಂದ ಕಂಡಿತ್ರಿ ನನಗ, ಅವತ್ತ" ಅಂದ್ಲು. ಎಲಿ ಹಾಸೋದು ನಿಲ್ಲಿಸಲಿಲ್ಲ. "ಐದರಾಗ ಒಂದ್ರಾಗ ಅದಾನ. ಅಣ್ಣ ಇರೋ ತನಕ ಅವ ತೋರಿಸಿದ್ದಕ್ಕಷ್ಟ ಇಟ್ಟೆ. ಬ್ಯಾರೇದಕ್ಕ ಇಟ್ರ ಅವ ನೊಂದ್ಕಂತಿದ್ದ. ನಾಕು ವರ್ಷ ನನ್ನ ತಮ್ಮ ಉಪಾಸ ಇದ್ದನೋ ಏನೋ."

ಐದನೇ ಎಲಿ ನನ್ನ ಕೈಗೆ ಕೊಟ್ಟು, "ಹಿಡೀರಿ ಶಾನುಭೋಗ್ರ, ಅದಕ್ಕ ನೀವು ಇಡ್ರಿ" ಅಂದ್ಲು.